ರಿಚ್ಮಂಡ್ ರಗ್ಬಿ ಕ್ಲಬ್: ಒಂದೇ ಲೇಖನವೋ, ಎರಡೋ?

ಕಾವೇರಿತೀರ:

ಗೆಳೆಯರೇ, ಕನ್ನಡ ವಿಕಿಪೀಡಿಯಕ್ಕಾಗಿ ಇಂಗ್ಲೆಂಡಿನ ರಿಚ್ಮಂಡ್ ಫುಟ್‌ಬಾಲ್ ಕ್ಲಬ್ಬಿನ ಬಗ್ಗೆ ಒಂದು ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಹೆಸರಿನಲ್ಲಿ ಫುಟ್‌ಬಾಲ್ ಎಂದಿದ್ದರೂ ಅದು ರಗ್ಬಿ ಯೂನಿಯನ್ ಕ್ಲಬ್ಬು. ಎರಡು ಆಟಗಳೂ ಬೇರೆ ಬೇರೆಯಾಗುವುದಕ್ಕೆ ಮುಂಚೆ, 1861ರಲ್ಲಿ ಹುಟ್ಟಿದ್ದರಿಂದ ಹಳೆಯ ಹೆಸರೇ ಉಳಿದುಕೊಂಡಿದೆ. ನನ್ನ ತೊಡಕು ಏನೆಂದರೆ, ಈ ಕ್ಲಬ್ಬು 1996ರಲ್ಲಿ ಒಬ್ಬ ಶ್ರೀಮಂತನ ಕೈಗೆ ಹೋಗಿ ಪೂರ್ಣ ವೃತ್ತಿಪರ ತಂಡವಾಯಿತು, 1999ರಲ್ಲಿ ದಿವಾಳಿಯಾಗಿ ಅದರ ತಂಡವು ಲಂಡನ್ ಐರಿಶ್ ಎಂಬ ಬೇರೊಂದು ಕ್ಲಬ್ಬಿನೊಳಗೆ ವಿಲೀನವಾಯಿತು, 2000ದಲ್ಲಿ ಅದೇ ಹೆಸರಿನ, ಅದೇ ಮೈದಾನದ ಹವ್ಯಾಸಿ ಕ್ಲಬ್ಬೊಂದು ಕೆಳಗಿನ ಲೀಗಿನಿಂದ ಆಟ ಶುರುಮಾಡಿತು. ಹಾಗಾದರೆ ಬರೆಯಬೇಕಾದದ್ದು ಒಂದು ಲೇಖನವೋ, ಎರಡು ಲೇಖನಗಳೋ? ಸ್ಥಾಪನೆಯ ವರ್ಷ 1861 ಎಂದು ಬರೆದರೆ ಅದು ಪ್ರಾಮಾಣಿಕವಾದೀತೇ? ನನ್ನ ಮೊದಲ ಅಭಿಪ್ರಾಯ ಎರಡು ಲೇಖನಗಳು ಬೇಕು ಎಂಬುದು. ಮುಚ್ಚಿಹೋದ ಬ್ಯಾಂಕಿನ ಕಟ್ಟಡದಲ್ಲಿ ಅದೇ ಬೋರ್ಡು ತೂಗುಹಾಕಿ ಇನ್ನೊಬ್ಬರು ವ್ಯವಹಾರ ಆರಂಭಿಸಿದರೆ ಅದನ್ನು ಹಳೆಯ ಬ್ಯಾಂಕೆಂದು ನಾವು ಒಪ್ಪುವುದಿಲ್ಲವಲ್ಲ.

ಥೇಮ್ಸ್‌ದಂಡೆ:

ಕಾವೇರಿತೀರ ಅವರೇ, ನಾನು ಹದಿನೈದು ವರ್ಷಗಳಿಂದ ಲಂಡನ್ನಿನ ನೈಋತ್ಯದಲ್ಲಿ, ರಿಚ್ಮಂಡ್‌ಗೆ ಹತ್ತಿರದ ಟ್ವಿಕೆನ್‌ಹ್ಯಾಮ್ ಪಕ್ಕದಲ್ಲಿ ವಾಸವಾಗಿದ್ದೇನೆ. ಮಗನನ್ನು ಭಾನುವಾರ ಬೆಳಿಗ್ಗೆ ಮಕ್ಕಳ ರಗ್ಬಿಗೆ ಕರೆದುಕೊಂಡು ಹೋಗಿ, ಕೆಸರಾದ ಬೂಟುಗಳನ್ನು ತೊಳೆದು ತೊಳೆದು ಈ ಆಟದ ಪರಿಚಯವಾಯಿತು. ಆದ್ದರಿಂದ ಮೊದಲು ಜಾಗವನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಈ ಕ್ಲಬ್ಬಿನ ಅರ್ಧ ಕಥೆ ಅದರ ಮೈದಾನದ್ದೇ ಆಗಿದೆ.

ರಿಚ್ಮಂಡ್ ರೈಲು ನಿಲ್ದಾಣದಿಂದ ಹೊರಬಂದು ಕೆಲವು ನಿಮಿಷ ನಡೆದರೆ ಓಲ್ಡ್ ಡಿಯರ್ ಪಾರ್ಕ್ ಸಿಗುತ್ತದೆ. ಅದು ರಾಜಮನೆತನಕ್ಕೆ ಸೇರಿದ ಜಮೀನು. ಇಂದು ಅದರ ಒಡೆತನವನ್ನು ಕ್ರೌನ್ ಎಸ್ಟೇಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಮೂರನೆಯ ಜಾರ್ಜ್ ದೊರೆ 1769ರ ಶುಕ್ರ ಸಂಕ್ರಮಣವನ್ನು ನೋಡುವುದಕ್ಕೆಂದು ಕಟ್ಟಿಸಿದ ವೀಕ್ಷಣಾಲಯ ಈಗಲೂ ಆ ಉದ್ಯಾನದಲ್ಲಿದೆ. ಅದರ ಒಂದು ಅಂಚಿನಲ್ಲಿರುವುದೇ ರಿಚ್ಮಂಡ್ ಅಥ್ಲೆಟಿಕ್ ಗ್ರೌಂಡ್. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಈ ಒಂದೇ ಮೈದಾನದಲ್ಲಿ ರಿಚ್ಮಂಡ್ ಮತ್ತು ಲಂಡನ್ ಸ್ಕಾಟಿಶ್ ಎಂಬ ಎರಡು ಕ್ಲಬ್ಬುಗಳು ಕೂಡಿ ಬಾಳುತ್ತಿವೆ. ಒಂದೇ ವಠಾರದಲ್ಲಿ ಎರಡು ಸಂಸಾರಗಳು ಇದ್ದ ಹಾಗೆ, ಬಚ್ಚಲೂ ಒಂದೇ, ಅಂಗಳವೂ ಒಂದೇ. ರಸ್ತೆಯಾಚೆ ಲಂಡನ್ ವೆಲ್ಷ್ ಕ್ಲಬ್ಬಿನ ಮೈದಾನವಿದೆ. ರಾಜರ ಜಮೀನಾದ್ದರಿಂದ, ಪಾರಂಪರಿಕ ಉದ್ಯಾನವಾದ್ದರಿಂದ, ಅಲ್ಲಿ ಯಾರೂ ಮನಸ್ಸಿಗೆ ಬಂದಂತೆ ದೊಡ್ಡ ಗ್ಯಾಲರಿಗಳನ್ನು ಎಬ್ಬಿಸುವಂತಿಲ್ಲ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ; 1998ಕ್ಕೆ ಬಂದಾಗ ಇದು ಬೇಕಾಗುತ್ತದೆ.

ಕಾವೇರಿತೀರ:

ಧನ್ಯವಾದಗಳು ಥೇಮ್ಸ್‌ದಂಡೆ ಅವರೇ. ಆರಂಭದ ದಶಕಗಳ ಬಗ್ಗೆ ನಾನು ಬರೆದುಕೊಂಡಿರುವುದನ್ನು ಇಲ್ಲಿಡುತ್ತೇನೆ, ತಪ್ಪಿದ್ದರೆ ತಿದ್ದಿ.

1863ರ ಡಿಸೆಂಬರ್ 19ರಂದು, ಹೊಸದಾಗಿ ಹುಟ್ಟಿದ್ದ ಫುಟ್‌ಬಾಲ್ ಅಸೋಸಿಯೇಷನ್ನಿನ ನಿಯಮಗಳಡಿ ಮೊಟ್ಟಮೊದಲ ಪಂದ್ಯ ಮಾರ್ಟ್‌ಲೇಕ್‌ನಲ್ಲಿ ನಡೆಯಿತು. ಒಂದು ಕಡೆ ಬಾರ್ನ್ಸ್, ಇನ್ನೊಂದು ಕಡೆ ರಿಚ್ಮಂಡ್. ಗೋಲು ಬೀಳಲಿಲ್ಲ, ಪಂದ್ಯ ಸಮವಾಯಿತು. ಅಂದರೆ ಇಂದು ಜಗತ್ತೆಲ್ಲ ಆಡುವ ಕಾಲ್ಚೆಂಡಾಟದ ಮೊದಲ ಪಂದ್ಯದಲ್ಲಿ ಆಡಿದ ಎರಡು ತಂಡಗಳಲ್ಲಿ ಒಂದು, ಮುಂದೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟವನ್ನೇ ಆರಿಸಿಕೊಂಡಿತು. ಅದೇ ತಿಂಗಳಲ್ಲಿ ಬ್ಲ್ಯಾಕ್‌ಹೀತ್ ಕ್ಲಬ್ಬು ಫುಟ್‌ಬಾಲ್ ಅಸೋಸಿಯೇಷನ್ನಿನಿಂದ ಹೊರನಡೆದಿತ್ತು. ಎದುರಾಳಿಯ ಕಣಕಾಲಿಗೆ ಒದೆಯುವ ಹ್ಯಾಕಿಂಗ್ ಎಂಬ ಪದ್ಧತಿಯನ್ನು ನಿಷೇಧಿಸಿದರೆ ಆಟದ ಗಂಡಸುತನವೇ ಹೋಗುತ್ತದೆಂಬುದು ಅವರ ವಾದವಾಗಿತ್ತು. ಬ್ಲ್ಯಾಕ್‌ಹೀತ್ ಮತ್ತು ರಿಚ್ಮಂಡ್ 1864ರಿಂದ ಪರಸ್ಪರ ಆಡತೊಡಗಿದವು. ರಗ್ಬಿ ಲೋಕದಲ್ಲಿ ಕ್ಲಬ್ಬುಗಳ ನಡುವಿನ ಅತಿ ಹಳೆಯ ಪಂದ್ಯಸರಣಿ ಇದೇ ಎಂದು ಎರಡೂ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಆದರೆ ಒಬ್ಬೊಬ್ಬರದು ಒಂದೊಂದು ನಿಯಮ. ಪ್ರತಿ ಪಂದ್ಯಕ್ಕೂ ಮುಂಚೆ ನಾಯಕರಿಬ್ಬರೂ ಕುಳಿತು ಇಂದು ಯಾವ ನಿಯಮ, ಎಷ್ಟು ಜನ ಎಂದು ಚೌಕಾಶಿ ಮಾಡಬೇಕಿತ್ತು. 1870ರ ಡಿಸೆಂಬರಿನಲ್ಲಿ ರಿಚ್ಮಂಡ್ ಕ್ಲಬ್ಬಿನ ಕಾರ್ಯದರ್ಶಿ ಎಡ್ವಿನ್ ಆ್ಯಶ್ ಮತ್ತು ಬ್ಲ್ಯಾಕ್‌ಹೀತ್‌ನ ಬೆಂಜಮಿನ್ ಬರ್ನ್ಸ್ ಕೂಡಿ ಟೈಮ್ಸ್ ಪತ್ರಿಕೆಗೆ ಬರೆದ ಪತ್ರದ ಫಲವಾಗಿ, 1871ರ ಜನವರಿ 26ರಂದು ಲಂಡನ್ನಿನ ಪಾಲ್ ಮಾಲ್ ರೆಸ್ಟೋರೆಂಟಿನಲ್ಲಿ 21 ಕ್ಲಬ್ಬುಗಳವರು ಸೇರಿ ರಗ್ಬಿ ಫುಟ್‌ಬಾಲ್ ಯೂನಿಯನ್ ಸ್ಥಾಪಿಸಿದರು. ಮೊದಲ ಅಧ್ಯಕ್ಷ ರಿಚ್ಮಂಡ್‌ನ ಆಲ್ಜರ್ನಾನ್ ರಟ್ಟರ್, ಮೊದಲ ಕಾರ್ಯದರ್ಶಿ ಅದೇ ಆ್ಯಶ್. ತಮಾಷೆಯೆಂದರೆ ಈ ಹೊಸ ಸಂಸ್ಥೆ ರೂಪಿಸಿದ ನಿಯಮಗಳಲ್ಲಿ ಹ್ಯಾಕಿಂಗ್ ನಿಷೇಧವಾಗಿತ್ತು. ಎಂಟು ವರ್ಷಗಳ ಹಿಂದೆ ಯಾವುದಕ್ಕಾಗಿ ಜಗಳವಾಡಿ ಎದ್ದುಬಂದಿದ್ದರೋ ಅದನ್ನು ತಾವೇ ಕೈಬಿಟ್ಟರು. ಕಚೇರಿಗೆ ಕುಂಟುತ್ತ ಹೋಗುವುದು ವಕೀಲರಿಗೂ ವ್ಯಾಪಾರಿಗಳಿಗೂ ಸಾಕಾಗಿದ್ದಿರಬೇಕು.

1880ರ ದಶಕದಲ್ಲಿ ಇಂಗ್ಲೆಂಡ್ ತಂಡದ ನಾಯಕನಾಗಿದ್ದ ಎಡ್ವರ್ಡ್ ಟೆಂಪಲ್ ಗರ್ಡನ್ ರಿಚ್ಮಂಡ್ ಆಟಗಾರ. ಅವನ ತಮ್ಮ ಚಾರ್ಲ್ಸ್ ಕೂಡ ಅದೇ ಕ್ಲಬ್ಬಿನವನು. 1909ರ ಅಕ್ಟೋಬರ್ 2ರಂದು ಇಂಗ್ಲೆಂಡ್ ರಗ್ಬಿ ತಂಡದ ತವರಾದ ಟ್ವಿಕೆನ್‌ಹ್ಯಾಮ್ ಮೈದಾನದಲ್ಲಿ ನಡೆದ ಮೊಟ್ಟಮೊದಲ ಪಂದ್ಯ ಹಾರ್ಲೆಕ್ವಿನ್ಸ್ ಮತ್ತು ರಿಚ್ಮಂಡ್ ನಡುವಿನದು. ಹಾರ್ಲೆಕ್ವಿನ್ಸ್ 14-10ರಿಂದ ಗೆದ್ದಿತು. ಎಲ್ಲ ಮೊದಲುಗಳಲ್ಲಿಯೂ ಇವರು ಹಾಜರಿರುತ್ತಾರೆ, ಗೆದ್ದವರ ಪಟ್ಟಿಯಲ್ಲಿ ಮಾತ್ರ ಅಪರೂಪ.

ಉತ್ತರದವನು:

ಎಲ್ಲವೂ ಸರಿ, ಆದರೆ ಒಂದು ಮುಖ್ಯ ಅಧ್ಯಾಯವನ್ನು ಹಾರಿಸಿದ್ದೀರಿ. ನಾನು ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಕೆಲಸ ಮಾಡುವವನು. ಇಲ್ಲಿನ ಜನರಿಗೆ ಹವ್ಯಾಸಿ ಎಂಬ ಮಾತು ನಿಮಗೆ ಕೇಳಿಸುವಷ್ಟು ಮಧುರವಾಗಿ ಕೇಳಿಸುವುದಿಲ್ಲ.

ಯಾರ್ಕ್‌ಷೈರ್ ಮತ್ತು ಲ್ಯಾಂಕಷೈರ್‌ಗಳಲ್ಲಿ ರಗ್ಬಿ ಆಡುತ್ತಿದ್ದವರು ಗಣಿ ಕೆಲಸಗಾರರು, ಗಿರಣಿ ಕೆಲಸಗಾರರು. ಶನಿವಾರದ ಪಂದ್ಯಕ್ಕೆ ಹೋದರೆ ಆ ದಿನದ ಕೂಲಿ ಖೋತಾ. ತಪ್ಪಿದ ಕೂಲಿಯಷ್ಟನ್ನಾದರೂ, ಅಂದರೆ ದಿನಕ್ಕೆ ಆರು ಷಿಲ್ಲಿಂಗ್ ಕೊಡಲು ಅನುಮತಿ ನೀಡಿ ಎಂದು ಉತ್ತರದ ಕ್ಲಬ್ಬುಗಳು 1893ರಲ್ಲಿ ಯೂನಿಯನ್ನಿನ ಮಹಾಸಭೆಯಲ್ಲಿ ಕೇಳಿದವು. 282 ಮತಗಳು ವಿರುದ್ಧ, 136 ಪರ. ಎರಡು ವರ್ಷಗಳ ನಂತರ, 1895ರ ಆಗಸ್ಟ್ 29ರಂದು, ನಾನು ದಿನವೂ ಹಾದುಹೋಗುವ ಜಾರ್ಜ್ ಹೋಟೆಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಕೂಡಿ ನಾರ್ದರ್ನ್ ಯೂನಿಯನ್ ಕಟ್ಟಿಕೊಂಡು ಹೊರಬಂದವು. ಅದೇ ಇಂದಿನ ರಗ್ಬಿ ಲೀಗ್. ಆಮೇಲೆ ಯೂನಿಯನ್ನು ಮಾಡಿದ್ದೇನು? ಲೀಗ್ ಆಡಿದವನಿಗೆ ಜೀವನಪರ್ಯಂತ ಬಹಿಷ್ಕಾರ; ನಮ್ಮ ಹಳ್ಳಿಗಳಲ್ಲಿ ಹಿಂದೆ ಜಾತಿಯಿಂದ ಹೊರಗೆ ಹಾಕುತ್ತಿದ್ದರಲ್ಲ, ಥೇಟು ಹಾಗೆಯೇ.

ರಿಚ್ಮಂಡ್‌ನಂತಹ ಕ್ಲಬ್ಬುಗಳಿಗೆ ಹಣ ತೆಗೆದುಕೊಳ್ಳದೆ ಆಡುವುದು ಆದರ್ಶವಾಗಿದ್ದುದು, ಅವರಿಗೆ ಹಣದ ಅಗತ್ಯವೇ ಇರಲಿಲ್ಲವಾದ್ದರಿಂದ. ದುಬಾರಿ ಖಾಸಗಿ ಶಾಲೆಗಳಲ್ಲಿ ಓದಿ, ನಗರದ ಕಚೇರಿಗಳಲ್ಲಿ ಕುಳಿತವರ ಕ್ಲಬ್ಬು ಅದು. ನಿಮ್ಮ ಲೇಖನದಲ್ಲಿ ಹವ್ಯಾಸಿ ಪರಂಪರೆ ಎಂದು ಬರೆಯುವಾಗ ಈ ಮಾತೂ ಒಂದು ಸಾಲು ಇರಲಿ.

ಕಾವೇರಿತೀರ:

ಖಂಡಿತ ಇರುತ್ತದೆ. ಅದನ್ನು ಬಿಟ್ಟಿದ್ದು ನನ್ನ ತಪ್ಪು. ಪ್ರಶ್ನೆಯೊಂದು: ಹಣವನ್ನು ಒಂದು ಶತಮಾನ ಕಾಲ ಮೈಲಿಗೆಯೆಂದು ಕಂಡ ಕ್ಲಬ್ಬೇ ಮೊದಲಿಗರಲ್ಲಿ ಒಂದಾಗಿ ಹಣದ ಹೊಳೆಗೆ ಧುಮುಕಿದ್ದು ಹೇಗೆ?

ಲೆಕ್ಕಿಗ:

ವೃತ್ತಿಯಿಂದ ನಾನು ಲೆಕ್ಕಪರಿಶೋಧಕ, ಮೈಸೂರಿನವನು. ರಗ್ಬಿಯ ಬಗ್ಗೆ ತಿಳಿದದ್ದು ಕಡಿಮೆ. ಆದರೆ ದಿವಾಳಿಯಾದ ಕ್ರೀಡಾ ಸಂಸ್ಥೆಗಳ ಬಗ್ಗೆ ಒಂದು ಬಗೆಯ ಕುತೂಹಲವಿದ್ದು, ಈ ಪ್ರಕರಣವನ್ನು ಹಿಂದೆ ಓದಿದ್ದೇನೆ.

1995ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಮಂಡಳಿಯ ಸಭೆ, ರಗ್ಬಿ ಯೂನಿಯನ್ ಇನ್ನು ಮುಂದೆ ಮುಕ್ತ ಆಟ ಎಂದು ಘೋಷಿಸಿತು. ಆಟಗಾರರಿಗೆ ಹಣ ಕೊಡಬಹುದಾಯಿತು. ಇಂಗ್ಲೆಂಡಿನ ಯೂನಿಯನ್ ಒಂದು ವರ್ಷದ ತಡೆಯನ್ನು ಹೇರಿ ಕೈಕಟ್ಟಿ ಕುಳಿತಿತು. ಆ ಒಂದು ವರ್ಷದಲ್ಲಿ ಕ್ಲಬ್ಬುಗಳ ಬಾಗಿಲಿಗೆ ಹಣವಂತರು ಬಂದರು. ನ್ಯೂಕಾಸಲ್ ಕ್ಲಬ್ಬಿಗೆ ಸರ್ ಜಾನ್ ಹಾಲ್ ಎಂಬ ಉದ್ಯಮಿ ಬಂದಂತೆ, ರಿಚ್ಮಂಡ್‌ಗೆ 1996ರಲ್ಲಿ ಮೊನಾಕೋದಲ್ಲಿ ನೆಲೆಸಿದ್ದ ತಾಮ್ರದ ವ್ಯಾಪಾರಿ ಆ್ಯಶ್ಲಿ ಲೆವೆಟ್ ಬಂದ. ಅದೇ ವರ್ಷ ರಿಚ್ಮಂಡ್ ಮೂರನೆಯ ದರ್ಜೆಯಿಂದ ಎರಡನೆಯ ದರ್ಜೆಯ ಲೀಗಿಗೆ ಏರಿತ್ತು. ಪ್ರಸಿದ್ಧ ಕ್ಲಬ್ಬುಗಳನ್ನು ಕೊಳ್ಳುವುದಕ್ಕಿಂತ ಹಳೆಯ ಹೆಸರೊಂದನ್ನು ಅಗ್ಗವಾಗಿ ಕೊಂಡು ಮೇಲೆತ್ತುವುದು ಲಾಭವೆಂದು ವ್ಯಾಪಾರಿಗೆ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಬಾತ್ ಕ್ಲಬ್ಬಿನಿಂದ ಬೆನ್ ಕ್ಲಾರ್ಕ್ ಬಂದ. ವೇಲ್ಸ್‌ನ ಸ್ಕಾಟ್ ಕ್ವಿನೆಲ್ ವಿಗನ್‌ನಿಂದಲೂ ಅಲನ್ ಬೇಟ್‌ಮನ್ ವಾರಿಂಗ್ಟನ್‌ನಿಂದಲೂ ಬಂದರು. ಸ್ಕಾಟ್‌ನ ತಮ್ಮ ಕ್ರೇಗ್ ಬಂದ. ಅರ್ಜೆಂಟೀನಾದ ಅಗಸ್ಟಿನ್ ಪಿಚಾಟ್ ಬಂದ. ಈತನೇ ಮುಂದೆ ವಿಶ್ವ ರಗ್ಬಿ ಸಂಸ್ಥೆಯ ಉಪಾಧ್ಯಕ್ಷನಾದವನು. 1996-97ರಲ್ಲಿ ಎರಡನೆಯ ದರ್ಜೆಯ ಲೀಗನ್ನು ನ್ಯೂಕಾಸಲ್‌ಗಿಂತ ಮೇಲೆ ನಿಂತು ಗೆದ್ದರು. ಮರುವರ್ಷ ಅಗ್ರ ಲೀಗಾದ, 12 ತಂಡಗಳ ಪ್ರೀಮಿಯರ್‌ಷಿಪ್ಪಿನಲ್ಲಿ ಐದನೆಯ ಸ್ಥಾನ. ಡೊಮಿನಿಕ್ ಚಾಪ್‌ಮನ್ ಎಂಬ ಅಂಚಿನ ಓಟಗಾರ ಆ ಋತುವಿನಲ್ಲಿ 17 ಟ್ರೈಗಳನ್ನು (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೂರಿ ಪಡೆಯುವ ಅಂಕ) ಗಳಿಸಿ ಎಲ್ಲರಿಗಿಂತ ಮುಂದಿದ್ದ.

ಉತ್ತರದವನು:

ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ವಿಗನ್ ಮತ್ತು ವಾರಿಂಗ್ಟನ್ ಎರಡೂ 1895ರಲ್ಲಿ ಹೊರಬಂದ ಕ್ಲಬ್ಬುಗಳು. ಯಾರನ್ನು ಮುಟ್ಟಿದರೂ ಮಡಿ ಕೆಡುತ್ತದೆಂದು ರಿಚ್ಮಂಡ್‌ನವರ ಮುತ್ತಜ್ಜಂದಿರು ಮತ ಹಾಕಿದ್ದರೋ, ಅಲ್ಲಿಂದಲೇ ದುಡ್ಡು ಕೊಟ್ಟು ಆಟಗಾರರನ್ನು ಕರೆತಂದರು. ಇದನ್ನೂ ಲೇಖನದಲ್ಲಿ ಸೇರಿಸಿ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು.

ಲೆಕ್ಕಿಗ:

ಸೇರಿಸಲೇಬೇಕಾದ ಮಾತು. ಮುಂದುವರಿಸುತ್ತೇನೆ.

ಗೆಲುವು ಬಂದರೂ ಲೆಕ್ಕ ಕೂಡಿಬರಲಿಲ್ಲ. ವೃತ್ತಿಪರ ತಂಡಕ್ಕೆ ಆದಾಯವೆಂದರೆ ಟಿಕೆಟ್, ಟೆಲಿವಿಷನ್ ಹಣ, ಪ್ರಾಯೋಜಕರು. ಟಿಕೆಟ್ ಮಾರಬೇಕಾದರೆ ಆಸನಗಳು ಬೇಕು. ಥೇಮ್ಸ್‌ದಂಡೆಯವರು ಹೇಳಿದ ಕಾರಣಕ್ಕೆ ಆ ಉದ್ಯಾನದಲ್ಲಿ ಆಸನಗಳನ್ನು ಕಟ್ಟುವ ದಾರಿಯಿರಲಿಲ್ಲ. ಹಾಗಾಗಿ 1998ರಲ್ಲಿ, ಆಗಷ್ಟೇ ತೆರೆದಿದ್ದ ರೆಡಿಂಗ್ ನಗರದ ಮಡೆಯ್ಸ್ಕಿ ಕ್ರೀಡಾಂಗಣಕ್ಕೆ ತಂಡವನ್ನು ಕೊಂಡೊಯ್ದರು. ಇಪ್ಪತ್ತನಾಲ್ಕು ಸಾವಿರ ಆಸನಗಳು ಅಲ್ಲಿದ್ದವು, ಸರಿ. ಅವುಗಳಲ್ಲಿ ಕೂರುವ ಜನ ರಿಚ್ಮಂಡ್‌ನಲ್ಲಿಯೇ ಉಳಿದಿದ್ದರು. ಖಾಲಿ ಆಸನಕ್ಕೂ ಬಾಡಿಗೆ ತೆರಬೇಕು, ಆಟಗಾರರ ಸಂಬಳ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ. ಒಬ್ಬ ಮನುಷ್ಯನ ಕಿಸೆಯೇ ಈ ಅಂತರವನ್ನು ತುಂಬುತ್ತಿತ್ತು. 1999ರ ಮೊದಲ ತಿಂಗಳುಗಳಲ್ಲಿ ಲೆವೆಟ್ ಕೈ ಹಿಂತೆಗೆದುಕೊಂಡ; ಕಂಪನಿ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಋತು ಮುಗಿದ ಮೇಲೆ, ಅದೇ ಮೈದಾನದ ಪಾಲುದಾರನಾಗಿದ್ದ ಲಂಡನ್ ಸ್ಕಾಟಿಶ್‌ನ ವೃತ್ತಿಪರ ತಂಡವನ್ನೂ ಸೇರಿಸಿ, ಎರಡನ್ನೂ ಲಂಡನ್ ಐರಿಶ್ ಜೊತೆ ವಿಲೀನಗೊಳಿಸಲಾಯಿತು. ಹೆಸರಿಗೆ ವಿಲೀನ, ಉಳಿದದ್ದು ಐರಿಶ್ ಹೆಸರೊಂದೇ.

ಈಗ ಕಾವೇರಿತೀರ ಅವರ ಪ್ರಶ್ನೆಗೆ ಬರುತ್ತೇನೆ. ಬ್ಯಾಂಕಿನ ಹೋಲಿಕೆ ಇಲ್ಲಿ ಹೊಂದುವುದಿಲ್ಲ. ಹಣವಂತನು ಕೊಂಡದ್ದು ವೃತ್ತಿಪರ ತಂಡವನ್ನು ನಡೆಸುವ ಕಂಪನಿಯನ್ನು. ಚಂದಾ ಕಟ್ಟುವ ಸದಸ್ಯರು, ಹವ್ಯಾಸಿ ತಂಡಗಳು, ಮಹಿಳೆಯರ ತಂಡ, ಶನಿವಾರ ಸಂಜೆ ಕೌಂಟರಿನ ಹಿಂದೆ ನಿಂತು ಬಿಯರ್ ಸುರಿದುಕೊಡುವ ಹಳೆಯ ಆಟಗಾರ ಇವರೆಲ್ಲ ಆ ಮಾರಾಟದ ಸರಕಾಗಿರಲಿಲ್ಲ. ಕಂಪನಿ ಸತ್ತಾಗ ಸಂಘ ಸಾಯಲಿಲ್ಲ. 2000ದಲ್ಲಿ ಹರ್ಟ್‌ಫರ್ಡ್‌ಷೈರ್ ಮತ್ತು ಮಿಡಲ್‌ಸೆಕ್ಸ್ ಜಿಲ್ಲೆಗಳ ಲೀಗಿನಲ್ಲಿ ಆಡಲು ಇಳಿದದ್ದು ಆ ಸಂಘವೇ. ದೇವಸ್ಥಾನದ ಹುಂಡಿಯನ್ನು ಗುತ್ತಿಗೆ ಹಿಡಿದವನು ದಿವಾಳಿಯಾದರೆ ದೇವರು ಹೊಸಬನಾಗುವುದಿಲ್ಲ. ಒಂದೇ ಲೇಖನ ಸಾಕು ಎಂಬುದು ನನ್ನ ಅಭಿಪ್ರಾಯ.

ಥೇಮ್ಸ್‌ದಂಡೆ:

ರಿಚ್ಮಂಡ್‌ನಿಂದ ರೆಡಿಂಗ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ದೂರ ಹೆಚ್ಚಲ್ಲ ಎಂದು ನಕ್ಷೆ ನೋಡಿದವರಿಗೆ ಅನ್ನಿಸುತ್ತದೆ. ಆದರೆ ಈ ಕ್ಲಬ್ಬಿನ ಪಂದ್ಯಕ್ಕೆ ಹೋಗುವವರ ಶನಿವಾರ ಹೇಗಿರುತ್ತದೆಂಬುದನ್ನು ನೋಡಬೇಕು. ಬೆಳಿಗ್ಗೆ ಮಾರುಕಟ್ಟೆಯ ಕೆಲಸ, ಮಧ್ಯಾಹ್ನ ನಡೆದುಕೊಂಡು ಮೈದಾನಕ್ಕೆ, ಮೊದಲ ತಂಡದ ಪಂದ್ಯ ನಡೆಯುತ್ತಿರುವಾಗಲೇ ಪಕ್ಕದ ಅಂಗಳದಲ್ಲಿ ಮೂರನೆಯ ತಂಡದ ಪಂದ್ಯ, ಅಲ್ಲಿ ಆಡುವವನು ನೆರೆಮನೆಯ ದಂತವೈದ್ಯ. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು, ನೋಡಲು ಬಂದವರು ಒಂದೇ ಹಾಲಿನಲ್ಲಿ ನಿಂತು ಕುಡಿಯುತ್ತಾರೆ. ಇದರಲ್ಲಿ ಯಾವುದನ್ನೂ ರೈಲು ಹತ್ತಿಸಿ ರೆಡಿಂಗ್‌ಗೆ ಒಯ್ಯಲು ಬರುವುದಿಲ್ಲ.

ಲಂಡನ್ ಐರಿಶ್ ಕೂಡ 2000ದಲ್ಲಿ ಅದೇ ರೆಡಿಂಗ್ ಕ್ರೀಡಾಂಗಣಕ್ಕೇ ಹೋಗಿ ಇಪ್ಪತ್ತು ವರ್ಷ ಅಲ್ಲಿ ಆಡಿತು. ಬಳಿಕ ಬ್ರೆಂಟ್‌ಫರ್ಡ್‌ಗೆ ಬಂತು. 2023ರ ಜೂನಿನಲ್ಲಿ ಆ ಕ್ಲಬ್ಬೂ ಹಣವಿಲ್ಲದೆ ಪ್ರೀಮಿಯರ್‌ಷಿಪ್ಪಿನಿಂದ ಹೊರಬಿತ್ತು. ಅದಕ್ಕೂ ಮುಂಚೆ, 2022ರ ಶರತ್ಕಾಲದಲ್ಲಿ, ವೂಸ್ಟರ್ ಮತ್ತು ವಾಸ್ಪ್ಸ್ ಕ್ಲಬ್ಬುಗಳು ಬಿದ್ದಿದ್ದವು. ನಮ್ಮ ರಸ್ತೆಯಾಚೆಯ ಲಂಡನ್ ವೆಲ್ಷ್ 2014-15ರಲ್ಲಿ ಪ್ರೀಮಿಯರ್‌ಷಿಪ್ಪಿನ ಎಲ್ಲ 22 ಪಂದ್ಯಗಳನ್ನೂ ಸೋತು, ಎರಡೇ ವರ್ಷದೊಳಗೆ ದಿವಾಳಿಯಾಗಿ, ಈಗ ಕೆಳಗಿನ ಲೀಗುಗಳಲ್ಲಿ ಹವ್ಯಾಸಿಯಾಗಿ ಆಡುತ್ತಿದೆ. ರಿಚ್ಮಂಡ್ ಮೊದಲು ಬಿತ್ತು, ಅಷ್ಟೇ.

ಸ್ಕ್ರಮ್‌ಹಾಫ್:

ಇಷ್ಟು ಹೊತ್ತು ಓದುತ್ತಿದ್ದೆ. ಮಹಿಳೆಯರ ತಂಡ ಎಂಬ ಎರಡು ಪದಗಳು ಲೆಕ್ಕಿಗ ಸರ್ ಬರೆದ ಪಟ್ಟಿಯ ನಡುವೆ ಒಮ್ಮೆ ಬಂದು ಹೋದದ್ದನ್ನು ನೋಡಿ ಬರೆಯದಿರಲು ಆಗಲಿಲ್ಲ. ನಾನು ಇಂಗ್ಲೆಂಡಿನಲ್ಲಿ ಓದುವಾಗ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವಳು. ನನ್ನನ್ನು ಕೇಳಿದರೆ ರಿಚ್ಮಂಡ್ ಜಗತ್ತಿಗೆ ಕೊಟ್ಟ ಎರಡು ದೊಡ್ಡ ಸಂಗತಿಗಳಲ್ಲಿ ಒಂದು 1871ರದ್ದು, ಇನ್ನೊಂದು 1991ರದ್ದು. ಆ್ಯಶ್ಲಿ ಲೆವೆಟ್ಟನ ಮೂರು ವರ್ಷಗಳು ಅಡಿಟಿಪ್ಪಣಿಗೆ ಸಾಕು.

1991ರಲ್ಲಿ ಮಹಿಳೆಯರ ಮೊದಲ ರಗ್ಬಿ ವಿಶ್ವಕಪ್ ವೇಲ್ಸ್‌ನಲ್ಲಿ ನಡೆಯಿತು. ಅದನ್ನು ನಡೆಸಿದ್ದು ಯಾವ ಮಂಡಳಿಯೂ ಅಲ್ಲ. ಅಂತರರಾಷ್ಟ್ರೀಯ ಮಂಡಳಿ ಆಗ ಅದಕ್ಕೆ ಮಾನ್ಯತೆಯನ್ನೇ ಕೊಟ್ಟಿರಲಿಲ್ಲ. ನಡೆಸಿದವರು ರಿಚ್ಮಂಡ್ ಕ್ಲಬ್ಬಿನ ನಾಲ್ವರು ಆಟಗಾರ್ತಿಯರಾದ ಡೆಬೊರಾ ಗ್ರಿಫಿನ್, ಸ್ಯೂ ಡಾರಿಂಗ್ಟನ್, ಮೇರಿ ಫೋರ್ಸಿತ್ ಮತ್ತು ಆಲಿಸ್ ಕೂಪರ್. ಇವರಿಗೆಲ್ಲ ಬೇರೆ ಉದ್ಯೋಗಗಳಿದ್ದವು. ಡಾರಿಂಗ್ಟನ್ ಅಂತೂ ಪಂದ್ಯಾವಳಿಯ ಸಿದ್ಧತೆಯನ್ನೂ ಮಾಡಿ, ಇಂಗ್ಲೆಂಡ್ ತಂಡದಲ್ಲಿ ಆಡಿಯೂ ಆಡಿದರು. 12 ದೇಶಗಳ ತಂಡಗಳು ಬಂದವು. ಸೋವಿಯತ್ ತಂಡದ ಕೈಯಲ್ಲಿ ವಿದೇಶಿ ಹಣವಿರಲಿಲ್ಲವಾದ್ದರಿಂದ ಅವರು ವೋಡ್ಕಾ, ಮೀನಿನ ತತ್ತಿ, ಗೊಂಬೆಗಳನ್ನು ತಂದು ಮಾರಿ ಖರ್ಚು ತೂಗಿಸಲು ನೋಡಿದರು. ಏಪ್ರಿಲ್ 14ರಂದು ಕಾರ್ಡಿಫ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅಮೆರಿಕ 19-6ರಿಂದ ಇಂಗ್ಲೆಂಡನ್ನು ಸೋಲಿಸಿತು.

1871ರಲ್ಲಿ ರಿಚ್ಮಂಡ್‌ನವರೊಬ್ಬರು ಯೂನಿಯನ್ನಿನ ಮೊದಲ ಅಧ್ಯಕ್ಷರಾದದ್ದನ್ನು ಬರೆದಿದ್ದೀರಿ. 2025ರಲ್ಲಿ ಅದೇ ಯೂನಿಯನ್ನಿನ ಮೊದಲ ಮಹಿಳಾ ಅಧ್ಯಕ್ಷೆಯಾದವರು ಡೆಬೊರಾ ಗ್ರಿಫಿನ್. ಎರಡನ್ನೂ ಒಂದೇ ಲೇಖನದಲ್ಲಿ ಬರೆಯಲು ಆಗದಿದ್ದರೆ ಆ ಲೇಖನದಿಂದ ಏನು ಪ್ರಯೋಜನ?

ಇನ್ನೊಂದು ಕಹಿ ಸಂಗತಿಯನ್ನೂ ಬರೆಯಿರಿ. ಹತ್ತಾರು ವರ್ಷ ಮಹಿಳಾ ಲೀಗಿನ ಮುಂಚೂಣಿಯಲ್ಲಿದ್ದ ರಿಚ್ಮಂಡ್‌ಗೆ, 2020ರಲ್ಲಿ ಅಗ್ರ ಲೀಗಿನ ಸ್ಥಾನಗಳನ್ನು ಮರುಹಂಚಿಕೆ ಮಾಡಿದಾಗ ಜಾಗ ಸಿಗಲಿಲ್ಲ. ವಾಟರ್ಲೂ ಕ್ಲಬ್ಬಿಗೂ ಸಿಗಲಿಲ್ಲ. ಪುರುಷರ ಪ್ರೀಮಿಯರ್‌ಷಿಪ್ ತಂಡಗಳಿದ್ದ ಎಕ್ಸಿಟರ್ ಮತ್ತು ಸೇಲ್ ಬಂದು ಕುಳಿತವು. ಪುರುಷರ ಆಟದಲ್ಲಿ 1996ರಲ್ಲಿ ಆದದ್ದೇ ಮಹಿಳೆಯರ ಆಟದಲ್ಲಿ ಕಾಲು ಶತಮಾನ ತಡವಾಗಿ ಆಯಿತು. ಈ ಬಾರಿ ರಿಚ್ಮಂಡ್ ಕೊಳ್ಳುವ ಕಡೆಯಲ್ಲಿರಲಿಲ್ಲ.

ಉತ್ತರದವನು:

ಸ್ಕ್ರಮ್‌ಹಾಫ್ ಮೇಡಂ, ಇದು ನನಗೆ ತಿಳಿದಿರಲಿಲ್ಲ. ಆದರೂ ಒಂದು ಸಂದೇಹ ಉಳಿದಿದೆ. ಕಂಪನಿ ಬೇರೆ, ಸಂಘ ಬೇರೆ ಎಂಬ ಲೆಕ್ಕಿಗರ ವಾದವನ್ನು ಒಪ್ಪಿದರೆ, ಪ್ರೀಮಿಯರ್‌ಷಿಪ್ಪಿನ ಐದನೆಯ ಸ್ಥಾನ, 1996-97ರ ಲೀಗ್ ಗೆಲುವು ಇವನ್ನು ಸಂಘದ ಖಾತೆಗೆ ಜಮಾ ಮಾಡುವಂತಿಲ್ಲ. ಸಾಲ ಮಾತ್ರ ಅವನದು, ಕೀರ್ತಿ ಮಾತ್ರ ನಮ್ಮದು ಎಂದರೆ ಹೇಗೆ?

ಲೆಕ್ಕಿಗ:

ನ್ಯಾಯವಾದ ಆಕ್ಷೇಪಣೆ. ಕಾನೂನಿನ ಪ್ರಕಾರ ನೋಡಿದರೆ ನೀವು ಹೇಳುವುದೇ ಸರಿ. ಆದರೆ ಸಾಲವನ್ನು ಸಂಘ ತೀರಿಸಲಿಲ್ಲವೆಂಬುದು ನಿಜವಾದರೂ, ಬೆಲೆ ತೆರಲಿಲ್ಲ ಎನ್ನಲಾಗದು. ಅಗ್ರ ಲೀಗಿನಲ್ಲಿ ತಮಗಿದ್ದ ಜಾಗವನ್ನೂ, ಅದಕ್ಕೂ ಮುಂಚೆ ಹವ್ಯಾಸಿಗಳಾಗಿಯೇ ಎರಡನೆಯ ದರ್ಜೆಯಲ್ಲಿ ಗಳಿಸಿಕೊಂಡಿದ್ದ ಜಾಗವನ್ನೂ ಕಳೆದುಕೊಂಡು, ಒಂದು ವರ್ಷ ಲೀಗೇ ಇಲ್ಲದೆ ಕಳೆದು, ಜಿಲ್ಲಾ ಮಟ್ಟದಿಂದ ಏರಬೇಕಾಯಿತು. 2016ರಲ್ಲಿ ಮೂರನೆಯ ದರ್ಜೆಯಾದ ‘ನ್ಯಾಷನಲ್ ಲೀಗ್ 1’ ಅನ್ನು ಗೆದ್ದು ಎರಡನೆಯ ದರ್ಜೆಯಾದ ಚಾಂಪಿಯನ್‌ಷಿಪ್ಪಿಗೆ ಮರಳುವ ಹೊತ್ತಿಗೆ ಹದಿನಾರು ವರ್ಷಗಳು ಸಂದಿದ್ದವು. ತಪ್ಪಿಗೆ ದಂಡ ಕಟ್ಟಿದವರು ಅವರೇ ಆಗಿರುವಾಗ ಆ ಮೂರು ವರ್ಷಗಳ ಸಿಹಿಯಲ್ಲಿಯೂ ಒಂದು ಪಾಲು ಅವರಿಗೆ ಸಲ್ಲಲಿ.

ಥೇಮ್ಸ್‌ದಂಡೆ:

ಆ ಮರಳಿಕೆಯ ನಂತರದ ಏರಿಳಿತಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಚಾಂಪಿಯನ್‌ಷಿಪ್ಪಿನ ಹಲವು ತಂಡಗಳ ಆಟಗಾರರು ಪೂರ್ಣಾವಧಿ ಸಂಬಳದವರಾಗಿದ್ದರು. ರಿಚ್ಮಂಡ್‌ನವರು ಹಗಲು ಬೇರೆ ಕೆಲಸ ಮಾಡಿ ಸಂಜೆ ದೀಪದ ಬೆಳಕಿನಲ್ಲಿ ಅಭ್ಯಾಸ ಮಾಡುವ ಅರೆಕಾಲಿಕ ಆಟಗಾರರು. ಅದರ ವ್ಯತ್ಯಾಸ ಪಂದ್ಯದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಗೊತ್ತಾಗುತ್ತಿತ್ತು. ಅರವತ್ತನೆಯ ನಿಮಿಷದವರೆಗೂ, ಎರಡೂ ತಂಡದವರು ಭುಜಕ್ಕೆ ಭುಜ ಕೊಟ್ಟು ತಳ್ಳಾಡುವ ಸ್ಕ್ರಮ್ಮು ಸಮಸಮವಾಗಿ ನಿಲ್ಲುತ್ತಿತ್ತು, ಆಮೇಲೆ ಒಂದೊಂದೇ ಅಡಿ ಹಿಂದೆ ಸರಿಯುತ್ತಿತ್ತು.

2019ರಲ್ಲಿ ಕೆಳಗಿಳಿದರು. 2020ರಲ್ಲಿ, ಕೋವಿಡ್‌ನಿಂದ ಋತು ಅರ್ಧಕ್ಕೆ ನಿಂತಾಗ ಮುಂದಿದ್ದುದರಿಂದ ಮೇಲೇರಿದರು. 2023ರಲ್ಲಿ ಮತ್ತೆ ಇಳಿದರು. 2025ರಲ್ಲಿ ‘ನ್ಯಾಷನಲ್ ಲೀಗ್ 1’ ಅನ್ನು ಗೆದ್ದು ಮತ್ತೆ ಮೇಲೆ ಬಂದರು. ಒಮ್ಮೆ ಮನೆ ಮಠ ಕಳೆದುಕೊಂಡವರಿಗೆ ಇಂತಹ ಇಳಿತಗಳು ದೊಡ್ಡ ಸಂಗತಿಯಾಗಿ ಕಾಣುವುದಿಲ್ಲವೆಂದು ತೋರುತ್ತದೆ. ಇಳಿದ ದಿನವೂ ಹಾಲಿನಲ್ಲಿ ಅಷ್ಟೇ ಗದ್ದಲವಿತ್ತು. ಖರ್ಚನ್ನು ಹೆಚ್ಚಿಸಿ ಆ ಇಪ್ಪತ್ತು ನಿಮಿಷಗಳನ್ನು ಕೊಂಡುಕೊಳ್ಳಬೇಕು ಎಂದು ಹೇಳುವವರು ಇಲ್ಲದಿಲ್ಲ, ಆದರೆ 1999ನ್ನು ನೆನಪಿಟ್ಟುಕೊಂಡಿರುವ ತಲೆನರೆತವರು ಆ ಮಾತು ಬಂದಾಗ ಗ್ಲಾಸು ಕೆಳಗಿಟ್ಟು ಬೇರೆ ಕಡೆ ನೋಡುತ್ತಾರೆ.

ಉತ್ತರದವನು:

ಸರಿ, ಒಂದೇ ಲೇಖನಕ್ಕೆ ನನ್ನ ಒಪ್ಪಿಗೆಯಿದೆ. 1893ರ ಮತದ ಸಾಲು ಇರಬೇಕೆಂಬ ಷರತ್ತಿನ ಮೇಲೆ. ಅಂದು ಆರು ಷಿಲ್ಲಿಂಗ್ ಬೇಡವೆಂದವರ ಕ್ಲಬ್ಬಿನಲ್ಲಿ ಇಂದು ಹಗಲು ದುಡಿದು ಸಂಜೆ ಆಡುವವನಿಗೆ ಪಂದ್ಯಕ್ಕೆ ಇಷ್ಟು ಎಂದು ಕೊಡುತ್ತಾರೆ. ಉತ್ತರದವರು ಕೇಳಿದ್ದು ಹೆಚ್ಚುಕಡಿಮೆ ಅದನ್ನೇ.

ಕಾವೇರಿತೀರ:

ಎಲ್ಲರಿಗೂ ಕೃತಜ್ಞತೆಗಳು. ನನ್ನ ಮೊದಲ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಒಂದೇ ಲೇಖನ, ಸ್ಥಾಪನೆ 1861. ವೃತ್ತಿಪರ ಕಂಪನಿಯ ಕಾಲವನ್ನು 1996ರಿಂದ 1999 ಎಂದು ಪ್ರತ್ಯೇಕ ವಿಭಾಗವಾಗಿ ಇಡುತ್ತೇನೆ, ಅದಕ್ಕೂ ಮುಂಚೆ ಮಹಿಳೆಯರ ತಂಡದ ವಿಭಾಗ ಬರುತ್ತದೆ. ಕಾಲಾನುಕ್ರಮದಲ್ಲಿಯೂ ಅದೇ ಸರಿ.

ಒಂದು ತೊಡಕು ಮಾತ್ರ ಉಳಿದಿದೆ. ಲೀಗಿನಲ್ಲಿ ಮೇಲೇರುವುದಕ್ಕೆ ಬಡ್ತಿ ಎಂಬ ಪದವಿದೆ. ಕೆಳಗಿಳಿಯುವುದಕ್ಕೆ ಪತ್ರಿಕೆಗಳವರು ಹಿಂಬಡ್ತಿ ಎಂದು ಬರೆಯುತ್ತಾರೆ. ಅದನ್ನು ಓದಿದರೆ ಗುಮಾಸ್ತನೊಬ್ಬನಿಗೆ ಇಲಾಖಾ ಶಿಕ್ಷೆಯಾದಂತೆ ಕೇಳಿಸುತ್ತದೆ. ಈ ಕ್ಲಬ್ಬಿನ ಲೇಖನದಲ್ಲಿ ಆ ಪದ ನಾಲ್ಕೈದು ಸಲವಾದರೂ ಬರಲಿರುವುದರಿಂದ, ಇದಕ್ಕಿಂತ ಹಗುರವಾದದ್ದು ಯಾರಿಗಾದರೂ ಹೊಳೆದರೆ ತಿಳಿಸಿ.

ಸ್ಕ್ರಮ್‌ಹಾಫ್:

ಕೆಳಗಿಳಿಯಿತು ಎಂದರೆ ಸಾಕು. ಥೇಮ್ಸ್‌ದಂಡೆಯವರು ಇಳಿದರು, ಏರಿದರು ಎಂದೇ ಬರೆದಿದ್ದಾರೆ, ನಮಗೆಲ್ಲ ಅರ್ಥವಾಯಿತಲ್ಲ.